ಮಂದಿ ಬಾಯಿಗೆ ಬಿದ್ದ ಮನೆ

ನಾನು ಮಾತು ಕಲಿತದ್ದು ಕೊಟ್ಟೂರಿನ ನಮ್ಮ ಮನೆಯ ಮುಂದಿನ ಕಟ್ಟೆಯ ಮೇಲೆ, ಅಜ್ಜಿಯ ಮಗ್ಗುಲಲ್ಲಿ ಕುಳಿತು. ಮಧ್ಯಾಹ್ನದ ಊಟ ಮುಗಿಸಿ ಅಪ್ಪ ತನ್ನ ಪಾತ್ರೆ ಅಂಗಡಿಗೆ ಹೋದದ್ದೇ ತಡ, ಓಣಿಯ ಹೆಂಗಸರು ಮೊರ ಹಿಡಿದುಕೊಂಡು ಒಬ್ಬೊಬ್ಬರಾಗಿ ಬರುತ್ತಿದ್ದರು. ಜೋಳ ಹಸನು ಮಾಡುತ್ತ, ಶೇಂಗಾ ಸುಲಿಯುತ್ತ, ಊರಿನ ಸಂಗತಿಗಳನ್ನೂ ಅದೇ ಮೊರದಲ್ಲಿ ಹಾಕಿ ಕೇರುತ್ತಿದ್ದರು. ಅಲ್ಲಿ ಕೇಳಿದ ಮಾತುಗಳು ನನಗೆ ಶಾಲೆಯ ಪದ್ಯಗಳಿಗಿಂತ ಮೊದಲು ಬಾಯಿಪಾಠವಾದವು. ಅದರಲ್ಲೂ ಒಬ್ಬರ ಮರ್ಯಾದೆ ತೆಗೆಯುವುದಕ್ಕೆ ನಮ್ಮ ಕಡೆ ಎಷ್ಟೊಂದು ಮಾತುಗಳಿದ್ದವು! ಗಂಡಸಿನ ವಿಷಯವಾದರೆ ‘ಹೆಸರು ಕೆಡ್ತು’ ಅನ್ನುತ್ತಿದ್ದರು. ಹೆಂಗಸಿನದಾದರೆ ‘ಮಾನ ಹೋತು’. ಕೆಟ್ಟದ್ದು ಇವತ್ತಲ್ಲ ನಾಳೆ ನೆಟ್ಟಗಾದೀತು, ಹೋದದ್ದು ತಿರುಗಿ ಬರುವುದಿಲ್ಲ. ಈ ವ್ಯತ್ಯಾಸ ಯಾರೂ ಬಿಡಿಸಿ ಹೇಳದೆಯೇ ನನಗೆ ತಿಳಿದುಬಿಟ್ಟಿತ್ತು. ‘ಚಾಡಿ ಹೇಳಿದ್ಲು’ ಅಂದರೆ ಹೇಳಿದವಳು ಯಾರೆಂದು ಗೊತ್ತಿದೆ ಎಂದರ್ಥ. ‘ಗುಲ್ಲು ಎಬ್ಬಿಸ್ಯಾರ’ ಅಂದರೆ ಒಂದು ಗುಂಪೇ ಇದೆ. ಎದುರುಮನೆಯ ಹಾಜ್ರಮ್ಮ ‘ಬದ್ನಾಮ್ ಮಾಡಿದ್ರು’ ಅನ್ನುತ್ತಿದ್ದಳು, ಅದೂ ಎಲ್ಲರಿಗೂ ಅರ್ಥವಾಗುತ್ತಿತ್ತು. ನನಗೆ ಹೆದರಿಕೆಯಾಗುತ್ತಿದ್ದದ್ದು ‘ಮಂದಿ ಬಾಯಿಗೆ ಬಿದ್ಲು’ ಎಂಬ ಮಾತಿಗೆ. ಯಾರು ತಳ್ಳಿದರು ಎಂಬುದು ಅದರಲ್ಲಿ ಇರುತ್ತಲೇ ಇರಲಿಲ್ಲ, ತಾನಾಗಿ ಕಾಲು ಜಾರಿದಂತೆ. ಇನ್ನು ಎಂಥ ಮಾತಿನ ಕೊನೆಗಾದರೂ ‘ಅಂತ’ ಎಂದು ಸೇರಿಸಿಬಿಟ್ಟರೆ ಆಡಿದವರ ಕೈ ತೊಳೆದ ಹಾಗೆ. ‘ಅಕಿ ಗಂಡನ ಮನಿ ಬಿಟ್ಟು ಬಂದಾಳಂತ.’ ನಾನೇನೂ ಹೇಳಲಿಲ್ಲ, ಕೇಳಿದೆ, ಅಷ್ಟೆ.

ಅಪ್ಪ ಬೆಳಗಿನ ಹೊತ್ತು ಪಡಸಾಲೆಯಲ್ಲಿ ಕುಳಿತು ಪೇಪರನ್ನು ಗಟ್ಟಿಯಾಗಿ ಓದುವವನು. ಒಂದು ದಿನ ಯಾವನೋ ಮುಖಂಡ ಇನ್ನೊಬ್ಬನ ಮೇಲೆ ಕೂಗಾಡಿದ ಸುದ್ದಿಯಲ್ಲಿ ನನಗೆ ಗೊತ್ತಿಲ್ಲದ ಪದವೊಂದು ಬಂತು.

“ತೇಜೋವಧೆ ಅಂದ್ರ ಏನಪ್ಪಾ?”

“ಮನಷ್ಯಾನ್ನ ಜೀವಂತ ಬಿಟ್ಟು ಅವನ ಹೆಸರು ಕೊಲ್ಲೋದು.”

“ಅದಕ್ಕ ಪೊಲೀಸ್ರು ಹಿಡಕೊಂಡು ಹೋಗ್ತಾರೇನು?”

“ಹಂಗ ಹಿಡಿಯಾಕ ಬಂದ್ರ ನಮ್ಮ ಕಟ್ಟಿ ಮ್ಯಾಲ ಒಬ್ರೂ ಉಳಿಯಂಗಿಲ್ಲ ಬಿಡು.”

ಒಳಗಿಂದ ಅಜ್ಜಿ, “ಏನಂದಿ?” ಅಂದಳು. ಅಪ್ಪ ಪೇಪರ್ ಮಡಚಿ ಸ್ನಾನಕ್ಕೆ ಎದ್ದ.

ಮನೆ ದೊಡ್ಡದೇನಲ್ಲ. ಪಡಸಾಲೆ, ಅದರ ಹಿಂದೆ ನಡುಮನೆ, ಒಂದು ಪಕ್ಕಕ್ಕೆ ದೇವರ ಕೋಣೆ, ಇನ್ನೊಂದು ಪಕ್ಕಕ್ಕೆ ಅಡಿಗೆಮನೆ, ಹಿತ್ತಲಿಗೆ ಹೊಂದಿಕೊಂಡು ಬಚ್ಚಲು. ನಡುಮನೆಗೆ ಕಿಟಕಿ ಇರಲಿಲ್ಲ. ಮಾಳಿಗೆಯ ಬೆಳಕಿಂಡಿಯಿಂದ ಬೀಳುವ ಒಂದು ಚೌಕ ಬಿಸಿಲೇ ಅಲ್ಲಿನ ಬೆಳಕು, ಅದು ದಿನವಿಡೀ ಗೋಡೆಯಿಂದ ಗೋಡೆಗೆ ಸರಿಯುತ್ತಿತ್ತು. ಪಡಸಾಲೆಯ ಮೂಲೆಯಲ್ಲಿ ಗಿರಿಜತ್ತಿಯ ಹೊಲಿಗೆ ಮಷೀನು. ಗಿರಿಜತ್ತಿ ಅಪ್ಪನ ತಂಗಿ, ಮದುವೆ ವಯಸ್ಸಿನ ಹುಡುಗಿ. ಓಣಿಯ ಅರ್ಧ ಜನರ ಕುಪ್ಪಸ ಅವಳ ಕೈಯದೇ. ಹೊಲಿಯುತ್ತ ಬಾಯಿತುಂಬ ನಗುತ್ತಿದ್ದಳು, ನಗುವಾಗ ಕಾಲು ನಿಲ್ಲಿಸುತ್ತಿದ್ದಳು, ಮಷೀನೂ ನಿಲ್ಲುತ್ತಿತ್ತು. ಅವ್ವ ಹರಪನಹಳ್ಳಿ ಕಡೆಯವಳು. ನಾವೆಲ್ಲ ‘ಐತಿ’ ಅನ್ನುವಲ್ಲಿ ಅವಳು ‘ಐತೆ’ ಅನ್ನುತ್ತಿದ್ದಳು. ಮದುವೆಯಾಗಿ ಎಷ್ಟೋ ವರ್ಷವಾದರೂ ಅಜ್ಜಿ ಅದನ್ನು ಹಂಗಿಸುವುದು ಬಿಟ್ಟಿರಲಿಲ್ಲ. ಆದರೂ ಅವ್ವ ಆಗ ಮಾತುಗಾರ್ತಿ. ರೊಟ್ಟಿ ಬಡಿಯುತ್ತ ಗಿರಿಜತ್ತಿಗೆ ತವರಿನ ಕಥೆ ಹೇಳುತ್ತಿದ್ದಳು, ಅವರಿಬ್ಬರ ನಗು ಅಡಿಗೆಮನೆಯ ಹೊಗೆಯ ಜೊತೆ ಹಿತ್ತಲಿಗೆ ಹೋಗುತ್ತಿತ್ತು. ಹಾಜ್ರಮ್ಮ ಇವರಿಬ್ಬರ ಮೂರನೆಯವಳು. ಅವಳ ಗಂಡ ಮನೆಯ ಮುಂಭಾಗದಲ್ಲೇ ಸೈಕಲ್ಲು, ಸ್ಟೌ ರಿಪೇರಿ ಮಾಡುತ್ತಿದ್ದ. ಹಾಜ್ರಮ್ಮ ಗಿರಿಜತ್ತಿ ಹೊಲಿದ ಕುಪ್ಪಸಗಳಿಗೆ ಗುಂಡಿ ಹಾಕಿಕೊಡುತ್ತಿದ್ದಳು, ನಮ್ಮ ಪುಂಡಿಪಲ್ಲೆಯನ್ನು ಬಟ್ಟಲಲ್ಲಿ ಒಯ್ದು ಅದೇ ಬಟ್ಟಲಲ್ಲಿ ಏನಾದರೂ ಸಿಹಿ ತಂದುಕೊಡುತ್ತಿದ್ದಳು.

ಒಂದು ಬೇಸಿಗೆಯಲ್ಲಿ ಗಿರಿಜತ್ತಿಯ ಬೆನ್ನು, ಭುಜದ ಮೇಲೆ ಸಿಬ್ಬ ಎದ್ದಿತು. ಬೆವರಿಗೆ ಬರುವ ಮಾಸಲು ಮಚ್ಚೆ, ನಮ್ಮ ಬಿಸಿಲಿನಲ್ಲಿ ಅದು ಯಾರಿಗೆ ಬರುವುದಿಲ್ಲ? ಹಾಜ್ರಮ್ಮ ಗಂಧಕದ ಪುಡಿ ತಂದುಕೊಟ್ಟಳು. ಅವ್ವ ಅದನ್ನು ಕೊಬ್ಬರಿಎಣ್ಣೆಯಲ್ಲಿ ಕಲಸಿ ಹಿತ್ತಲಲ್ಲಿ ಕೂರಿಸಿಕೊಂಡು ಹಚ್ಚುತ್ತಿದ್ದಳು. ನಾತಕ್ಕೆ ನಾನು ಮೂಗು ಮುಚ್ಚಿಕೊಂಡು ಓಡುತ್ತಿದ್ದೆ. ಮಳೆಗಾಲ ಬರುವ ಹೊತ್ತಿಗೆ ಚರ್ಮ ಮೊದಲಿನಂತಾಯಿತು, ನಾವೆಲ್ಲ ಮರೆತೆವು. ಅದೇ ವರ್ಷ ಗಿರಿಜತ್ತಿಗೆ ಗಂಡು ನೋಡುವುದು ಶುರುವಾಗಿತ್ತು. ತಂಬ್ರಹಳ್ಳಿಯ ದೂರದ ನೆಂಟರು ತಮ್ಮ ಹುಡುಗನಿಗೆ ಕೇಳಿದ್ದರು. ಅಜ್ಜಿಗೆ ಆ ಮನೆ ಮನಸ್ಸಿಗೆ ಬರಲಿಲ್ಲ. ಅವರ ಮನೆಯ ಒಂದು ಕಾರ್ಯಕ್ಕೆ ಹೋದಾಗ ಅವರಿಗೆ ನೋವಾಗದಂತೆ ಏನೋ ಹೇಳಿ ತಪ್ಪಿಸಿ ಬಂದಿದ್ದಳು. ಆಮೇಲೆ ಹಿರೇಹಡಗಲಿಯಿಂದ ಬಂದ ಸಂಬಂಧ ಎಲ್ಲರಿಗೂ ಹಿಡಿಸಿತು. ಹುಡುಗ ಕಿರಾಣಿ ವ್ಯಾಪಾರದವನು, ಮೃದು ಮಾತಿನವನು. ನೋಡಲು ಬಂದ ದಿನ ಉಪ್ಪಿಟ್ಟಿನ ತಟ್ಟೆಯನ್ನು ತಾನೇ ಎತ್ತಿಕೊಂಡು ಒಳಗೆ ತಂದಿಟ್ಟನೆಂದು ಗಿರಿಜತ್ತಿ ವಾರವೆಲ್ಲ ನಕ್ಕಳು. ಮಾತು ಮುಗಿಯಿತು, ಎಲೆ ಅಡಿಕೆ ಬದಲಾಯಿತು.

ಮುಹೂರ್ತ ಇಡಿಸಲು ಅವರ ಕಡೆಯವರು ಬರಬೇಕಿದ್ದ ದಿನ, ಸಂಬಂಧ ಕೂಡಿಸಿದ್ದ ಹಿರಿಯರೊಬ್ಬರೇ ಬಂದರು. ಪಡಸಾಲೆಯ ಚಾಪೆಯ ಅಂಚಿನಲ್ಲಿ ಕುಳಿತರು. ಅವ್ವ ತಂದಿಟ್ಟ ಚಹಾ ಮುಟ್ಟಲಿಲ್ಲ.

“ಏನ್ ಹೇಳ್ಬೇಕೋ ತಿಳೀವಲ್ದು,” ಅಂದರು. “ಹುಡುಗಿ ಬೆನ್ನ ಮ್ಯಾಲ ತೊನ್ನು ಐತಂತ. ಸೀರ್ಯಾಗ ಮುಚ್ಚಿಟ್ಟು ಕೊಡಾಕ ಹತ್ಯಾರಂತ. ಅಲ್ಲೆ ಹಡಗಲಿ ಕಡಿ ಮಂದಿ ಅನ್ನಾಕ ಹತ್ಯಾರ್ರಿ.”

“ಯಾರಂದ್ರು?” ಅಪ್ಪ ಕೇಳಿದ.

“ಮಂದಿ.”

“ಮಂದಿಗೆ ಹೆಸರಿಲ್ಲೇನ್ರಿ?”

ಅವರು ಹೆಗಲ ಮೇಲಿನ ಟವೆಲ್ಲನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಸರಿಪಡಿಸುತ್ತ ಕುಳಿತರು. ಮಷೀನಿನ ಶಬ್ದ ನಿಂತಿತ್ತು. ಗಿರಿಜತ್ತಿ ಸೂಜಿಯ ಕೆಳಗಿದ್ದ ಬಟ್ಟೆಯನ್ನು ಹಾಗೇ ಬಿಟ್ಟು ಎದ್ದು ನಡುಮನೆಗೆ ಹೋದಳು. ತೊನ್ನು ಎಂಬುದು ಯಾರಿಗೂ ಏನೂ ಕೇಡು ಮಾಡದ ಬರಿಯ ಬಣ್ಣ ಎಂದು ಹೇಳುವವರು ಆಗ ನಮ್ಮ ಮನೆಯಲ್ಲಿ ಯಾರೂ ಇರಲಿಲ್ಲ. ಇದ್ದರೂ ಆ ದಿನ ಅದು ಉಪಯೋಗಕ್ಕೆ ಬರುತ್ತಿರಲಿಲ್ಲ.

ಆ ಹಿರಿಯರು ಹೊಸ್ತಿಲು ದಾಟಿದ್ದೇ ಅಜ್ಜಿ ಅವ್ವನ ಕಡೆ ತಿರುಗಿದಳು.

“ಅಕಿ ಮೈ ಮ್ಯಾಲ ಮಚ್ಚಿ ಆಗಿದ್ದು ಈ ಮನಿ ಬಿಟ್ಟು ಇನ್ಯಾರಿಗೆ ಗೊತ್ತಿತ್ತು?”

ಅವ್ವ ರೊಟ್ಟಿಯ ಹಿಟ್ಟು ಬಿಟ್ಟು ಅಡಿಗೆಮನೆಯ ಬಾಗಿಲಿಗೆ ಬಂದಳು.

“ಹಾಜ್ರಾಗ ಹೇಳಿದಕಿ ಯಾರು? ಗಂಧಕ ಇಸಗೊಂಡಕಿ ಯಾರು?”

“ಅದು ಸಿಬ್ಬ ಅಂತ ಹೇಳಿದ್ದೆ ಅತ್ತೆ. ತೊನ್ನು ಅಂತ ನಾನ್ಯಾಕೆ ಅನ್ಲಿ?”

“ನೀ ಸಿಬ್ಬ ಅಂದಿ, ಅಕಿ ತೊನ್ನು ಅಂದ್ಲು. ಇಬ್ರೂ ಕೂಡಿ ನನ್ನ ಮಗಳ ಬಾಳಿಗೆ ಕಲ್ಲು ಹಾಕಿದ್ರಿ. ಮನಿಮುರುಕಿ!”

‘ಮನೆಮುರುಕಿ’ ಕಟ್ಟೆಯ ಮೇಲೆ ನಾನು ಎಷ್ಟೋ ಸಲ ಕೇಳಿದ್ದ ಪದ. ಬೇರೆ ಓಣಿಯ, ಮುಖ ಕಾಣದ ಹೆಂಗಸರ ಹೆಸರಿನ ಮುಂದೆ ಅದು ಬರುತ್ತಿತ್ತು. ಅದೇ ಪದ ನಮ್ಮ ಅಡಿಗೆಮನೆಯ ಬಾಗಿಲಲ್ಲಿ ನಿಂತ ನನ್ನ ಅವ್ವನಿಗೆ ಬಂದು ತಗುಲಿದಾಗ ನಾನು ಅವಳ ಮುಖ ನೋಡಿದೆ. ಕೈಗೆ ಹಿಟ್ಟು ಮೆತ್ತಿತ್ತು, ಅದನ್ನು ಒರೆಸಿಕೊಳ್ಳುವುದೂ ಅವಳಿಗೆ ತೋಚಿರಲಿಲ್ಲ. ಅಪ್ಪ ನಡುವೆ ಬಂದು ಏನಾದರೂ ಹೇಳುತ್ತಾನೆಂದು ಕಾದೆ. ಅಪ್ಪ ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ಹೋದ.

ಅಜ್ಜಿ ಅಲ್ಲಿಗೇ ಬಿಡಲಿಲ್ಲ. ಸೆರಗು ಬಿಗಿದು ಓಣಿ ದಾಟಿ ಹಾಜ್ರಮ್ಮನ ಮನೆಯ ಮುಂದೆ ನಿಂತಳು. ರಿಪೇರಿಗೆ ಬಂದ ನಾಲ್ಕಾರು ಗಿರಾಕಿಗಳು ಅಲ್ಲೇ ಇದ್ದರು. ಚಾಡಿಖೋರಿ, ಉಂಡ ಮನೆಗೆ ಎರಡೆಣಿಸಿದವಳು ಎಂದು ಬಾಯಿಗೆ ಬಂದದ್ದೆಲ್ಲ ಅಂದಳು. ಹಾಜ್ರಮ್ಮ ಹೊರಗೆ ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತಳು.

“ಅಮ್ಮಾ, ಅಲ್ಲಾನ ಆಣಿ, ನನ್ನ ಗಂಡಗೂ ಹೇಳಿಲ್ಲ. ಹೆಣ್ಣುಹುಡುಗಿ ಮೈ ಮಾತು ನಾನು ಯಾರಿಗೆ ಹೇಳ್ಲಿ? ನಂಗೂ ಹೆಣ್ಣುಮಕ್ಕಳು ಅದಾವ್ರಿ.”

“ಅದಾವಲ್ಲ, ನೋಡ್ತೀನಿ ಅವುನ್ನ ಯಾರು ಮಾಡಿಕೊಳ್ತಾರ.”

ಹಾಜ್ರಮ್ಮ ಕೇಳಿಸಿಕೊಂಡಳು. ತಿರುಗಿ ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಆ ದಿನದಿಂದ ಬಟ್ಟಲುಗಳು ಓಣಿ ದಾಟುವುದು ನಿಂತಿತು. ಕಟ್ಟೆಯ ಮೇಲೆ ಹೆಂಗಸರು ‘ಹಾಜ್ರಾ ಹೇಳ್ಯಾಳಂತ’ ಅನ್ನತೊಡಗಿದರು. ಅಜ್ಜಿಯ ಮಾತಿಗೂ ‘ಅಂತ’ ಎಂಬ ಬಾಲ ಹತ್ತಿತು, ಅದು ಸುದ್ದಿಯಾಗಿ ಊರೊಳಗೆ ಹೋಯಿತು. ಕುಪ್ಪಸಕ್ಕೆ ಗುಂಡಿ ಹಾಕಿಸಲು ಹಾಜ್ರಮ್ಮನ ಬಳಿ ಬರುತ್ತಿದ್ದವರೂ ಕಡಿಮೆಯಾದರು.

ಹಿರೇಹಡಗಲಿಯಿಂದ ಇನ್ನೊಂದು ಮಾತು ಬಂತು. ಹುಡುಗನಿಗೆ ಮನಸ್ಸಿದೆ, ಮುರಿಯುವುದು ಅವನಿಗೆ ಬೇಡ. ಅವನ ಅಕ್ಕ ಇನ್ನೊಬ್ಬ ಹೆಂಗಸಿನ ಜೊತೆ ಬಂದು ಒಂದು ಸಲ ನೋಡಿ ಹೋಗುತ್ತಾರೆ, ಮನಸ್ಸಿನ ಸಂಶಯ ಹೋಗಲಿ ಅಂದರು. ಅಂದರೆ ಗಿರಿಜತ್ತಿಯ ಬೆನ್ನು ನೋಡುವುದು. ಆ ರಾತ್ರಿಯ ಊಟಕ್ಕೆ ಯಾರೂ ಸರಿಯಾಗಿ ಕೂರಲಿಲ್ಲ. ಅಪ್ಪ, ಒಂದು ಸಲ ತೋರಿಸಿದರೆ ಮುಗಿದುಹೋಗುತ್ತದಲ್ಲ ಅಂದ. ಅವ್ವ ಮಾತ್ರ, “ಏನು ಸಂತೆಗೆ ಬಂದಿರೋ ದನಾನಾ ನೋಡಿ ಹೋಗೋದಕ್ಕೆ?” ಅಂದಳು. ಅವಳ ಬಾಯಿಂದ ಆ ಮನೆಯಲ್ಲಿ ನಾನು ಕೇಳಿದ ಕೊನೆಯ ಗಟ್ಟಿ ಮಾತು ಅದು. ಉತ್ತರ ಕೊಟ್ಟದ್ದು ಗಿರಿಜತ್ತಿ.

“ನೀ ಸುಮ್ಮನಿರು ವೈನಿ. ನಿನ್ನ ಬಾಯಿಂದ ಆಗಿದ್ದು ಸಾಕು.”

ಆಮೇಲೆ ಅಪ್ಪನ ಕಡೆ ತಿರುಗಿ, “ಬರ್ಲಿ ಅಣ್ಣಾ. ಊರೆಲ್ಲಾ ನೋಡದೇ ನೋಡೈತಿ. ಅವ್ರಾದ್ರೂ ಕಣ್ಣಿಂದ ನೋಡ್ಲಿ,” ಅಂದಳು.

ಅವರು ಬಂದರು. ಅಕ್ಕ ಅನ್ನುವವಳು ಕೆಟ್ಟವಳಾಗಿ ಕಾಣಲಿಲ್ಲ, ನಾಚಿಕೊಂಡೇ ಇದ್ದಳು. ನಡುಮನೆಯ ಬಾಗಿಲು ಮುಚ್ಚಿತು. ನಾನು, ಅವ್ವ ಅಡಿಗೆಮನೆಯಲ್ಲಿ ಒಲೆಯ ಮುಂದೆ ಕುಳಿತಿದ್ದೆವು, ಒಲೆಯಲ್ಲಿ ಬೆಂಕಿ ಇರಲಿಲ್ಲ. “ಇತ್ತ ಬೆಳಕಿಗೆ ತಿರುಗವ್ವ,” ಎನ್ನುವುದು ಕೇಳಿಸಿತು. ಬೆಳಕಿಂಡಿಯ ಚೌಕ ಬಿಸಿಲಿನಲ್ಲಿ ಗಿರಿಜತ್ತಿ ನಿಂತಿರಬೇಕು. “ಇನ್ನ ಸ್ವಲ್ಪ ಕೆಳಗ.” ಅವ್ವ ನನ್ನ ಎರಡೂ ಕಿವಿಯ ಮೇಲೆ ಕೈಯಿಟ್ಟಳು. ಬಾಗಿಲು ತೆರೆದಾಗ ಅಕ್ಕ ಗಟ್ಟಿಯಾಗಿ, “ಏನೂ ಇಲ್ರಿ, ಕನ್ನಡಿ ಇದ್ದಂಗ ಐತಿ ಮೈ,” ಅಂದಳು. ಅಜ್ಜಿ ಎಲ್ಲರ ಬಾಯಿಗೂ ಸಕ್ಕರೆ ಹಾಕಿದಳು. ಗಿರಿಜತ್ತಿ ಬಚ್ಚಲಿಗೆ ಹೋದಳು. ಅವರು ಚಹಾ ಕುಡಿದು, ಮುಹೂರ್ತದ ಮಾತಾಡಿ, ಹೊರಟುಹೋದ ಮೇಲೂ ಒಳಗೆ ನೀರು ಸುರಿದುಕೊಳ್ಳುವ ಸಪ್ಪಳ ಕೇಳುತ್ತಲೇ ಇತ್ತು.

ಮದುವೆ ನಮ್ಮ ಮನೆಯ ಮುಂದೆಯೇ ಚಪ್ಪರ ಹಾಕಿ ಆಯಿತು. ಹಾಜ್ರಮ್ಮನ ಮನೆಗೆ ಕರೆ ಹೋಗಲಿಲ್ಲ. ಚಪ್ಪರದ ಒಂದು ಕಂಬ ಅವರ ಹೊಸ್ತಿಲ ಹತ್ತಿರವೇ ಇತ್ತು, ಅವರ ಮನೆಯವರು ಅದನ್ನು ಸುತ್ತಿಕೊಂಡು ಒಳಗೆ ಹೊರಗೆ ಓಡಾಡಿದರು. ಅರಿಶಿನ ಹಚ್ಚಲು ಅವ್ವ ಬಟ್ಟಲು ಹಿಡಿದು ಬಂದಾಗ ಗಿರಿಜತ್ತಿ ಭುಜ ಹಿಂದಕ್ಕೆ ಎಳೆದುಕೊಂಡಳು. ಬೇರೆ ಯಾರೋ ಹಚ್ಚಿದರು. ಅವ್ವ ಬಟ್ಟಲನ್ನು ಅವರ ಕೈಗೆ ಕೊಟ್ಟು ಅಡಿಗೆಮನೆಗೆ ಬಂದಳು, ಊಟದ ಕೆಲಸದಲ್ಲಿ ಮುಳುಗಿದಳು. ನಾನು ಹಿಂದೆಯೇ ಹೋಗಿ ಅವಳ ಸೆರಗು ಹಿಡಿದು ನಿಂತಿದ್ದೆ. ಆಗಲೇ ತಂಬ್ರಹಳ್ಳಿಯ ನೆಂಟರ ಹೆಂಗಸು ನೀರು ಕುಡಿಯಲು ಒಳಗೆ ಬಂದದ್ದು. ನಮ್ಮ ಹುಡುಗಿಯನ್ನು ತಮ್ಮ ಮಗನಿಗೆ ಕೇಳಿದ್ದವಳು ಅವಳೇ. ಒಳ್ಳೆಯ ಮನಸ್ಸಿನ, ಬಾಯಿತುಂಬ ಮಾತಿನ ಹೆಂಗಸು.

“ಹುಡುಗಿ ಮೈ ವಾಸಿ ಆತಲ್ಲವ್ವ, ಚಲೋ ಆತು,” ಅಂದಳು. “ನಿಮ್ಮತ್ತಿ ನಮ್ಮಲ್ಲಿಗೆ ಬಂದಾಗ, ಮೈ ಮ್ಯಾಲ ಬಿಳೇ ಮಚ್ಚಿ ಬಂದಾವ, ಔಷಧ ನಡದೈತಿ, ಈಗ ಮದಿವಿ ಮಾತು ಬ್ಯಾಡ ಅಂದಿದ್ರು. ನಂಗ ಭಾಳ ಕೆಟ್ಟನಿಸ್ತು. ಹಿರೇಹಡಗಲಿ ಕಡಿ ಕೊಟ್ಟ ನನ್ನ ಮಗಳಿಗೂ ಹೇಳಿದ್ದೆ, ಅಲ್ಲೆ ಯಾರಾದ್ರೂ ಔಷಧ ಕೊಡೋರಿದ್ರ ಕೇಳು ಅಂತ.”

ಅವ್ವನ ಕೈಯ ಸೌಟು ನಿಂತಿತು. ಆ ಹೆಂಗಸು ನೀರು ಕುಡಿದು, ಲೋಟ ತೊಳೆದಿಟ್ಟು, ಮದುಮಗಳನ್ನು ನೋಡಲು ಹೋದಳು. ಅವಳ ಮನಸ್ಸಿನಲ್ಲಿ ಎಳ್ಳಷ್ಟೂ ಕೇಡಿರಲಿಲ್ಲ ಎಂದು ಇವತ್ತಿಗೂ ನಂಬುತ್ತೇನೆ.

ಹೆಣ್ಣನ್ನು ಕಳಿಸಿಕೊಟ್ಟು, ನೆಂಟರೆಲ್ಲ ಚದುರಿದ ಮೇಲೆ ಒಂದು ಮಧ್ಯಾಹ್ನ ಅವ್ವ ಅಜ್ಜಿಯ ಮುಂದೆ ಕುಳಿತಳು. ಅಜ್ಜಿ ದೇವರ ಕೋಣೆಯ ಬಾಗಿಲಲ್ಲಿ ಬತ್ತಿ ಹೊಸೆಯುತ್ತಿದ್ದಳು.

“ತಂಬ್ರಹಳ್ಳಿಯವರು ಹೇಳಿದ್ರು ಅತ್ತೆ,” ಅಂದಳು ಅವ್ವ. ಅಷ್ಟೇ.

ಅಜ್ಜಿ ಬತ್ತಿ ಹೊಸೆಯುವುದನ್ನು ನಿಲ್ಲಿಸಲಿಲ್ಲ. “ಬ್ಯಾಡ ಅನ್ನಾಕ ಒಂದು ಮಾತು ಬೇಕಿತ್ತು. ನಿಮ್ಮ ಮನಿ ನಮಗ ಬ್ಯಾಡ ಅಂತ ಮುಖದ ಮ್ಯಾಲ ಹೇಳಾಕ ಆಗ್ತೈತೇನು? ಬಾಯಿಗೆ ಅದು ಬಂತು, ಅಂದೆ,” ಅಂದಳು.

“ಮತ್ತೆ ಹಾಜ್ರಮ್ಮ?”

ಅಜ್ಜಿಯ ಬೆರಳು ನಿಂತವು. ಬಗ್ಗಿ ಅವ್ವನ ಮುಂಗೈ ಹಿಡಿದುಕೊಂಡಳು. ಅವಳು ಸೊಸೆಯನ್ನು ಹಾಗೆ ಮುಟ್ಟಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

“ಗಿರಿಜಾಗ ಗೊತ್ತಾಗಬಾರ್ದು ನೋಡು. ಅಕಿ ನನ್ನ ಮುಖ ನೋಡಂಗಿಲ್ಲ. ನಿನ್ನ ಕಾಲು ಹಿಡೀತೀನಿ.”

ಅವ್ವ ಕೈ ಬಿಡಿಸಿಕೊಂಡು ಎದ್ದಳು. ನನ್ನನ್ನು ಕರೆದುಕೊಂಡು, ಹಗಲು ಹೊತ್ತಿನಲ್ಲೇ, ಕಟ್ಟೆಯ ಹೆಂಗಸರೆಲ್ಲ ನೋಡುತ್ತಿರುವಾಗಲೇ ಓಣಿ ದಾಟಿ ಹಾಜ್ರಮ್ಮನ ಬಾಗಿಲು ಬಡಿದಳು. ಹಾಜ್ರಮ್ಮ ತೆರೆದಳು, ಒಳಗೆ ಬಾ ಅನ್ನಲಿಲ್ಲ.

“ಆ ಮಾತು ನಿನ್ನಿಂದ ಹೋಗಿದ್ದಲ್ಲ. ಯಾರಿಂದ ಅಂತ ನಂಗೆ ಗೊತ್ತಾತು,” ಅಂದಳು ಅವ್ವ.

“ಯಾರಂತ ನಂಗ ಹೇಳಬ್ಯಾಡ ತಾಯಿ,” ಅಂದಳು ಹಾಜ್ರಮ್ಮ. “ಗೊತ್ತಾದ್ರ ನನ್ನ ಬಾಯಿ ನಿಲ್ಲಂಗಿಲ್ಲ. ನನ್ನ ಬದ್ನಾಮಿ ನಂಗ ಇರ್ಲಿ, ಇನ್ನೊಬ್ರದ್ದು ಬ್ಯಾಡ.” ಆಮೇಲೆ ನನ್ನ ಕಡೆ ನೋಡಿ, “ಈ ಹುಡುಗಿ ಎಷ್ಟು ಸೊರಗ್ಯಾಳ,” ಅಂದಳು. ಇಬ್ಬರೂ ಹೊಸ್ತಿಲಿನ ಆಚೆ ಈಚೆ ನಿಂತೇ ಅತ್ತರು.

ಅವ್ವ ಅಜ್ಜಿಗೆ ಮಾತು ಕೊಟ್ಟಳೋ ಇಲ್ಲವೋ ನನಗೆ ಗೊತ್ತಿಲ್ಲ, ಆದರೆ ನಡೆಸಿಕೊಟ್ಟಳು. ಅಪ್ಪನಿಗೂ ಹೇಳಲಿಲ್ಲ. ನನಗೆ, “ನೀ ಏನೂ ಕೇಳಿಲ್ಲ, ತಿಳೀತಾ?” ಅಂದಳು. ಅವಳ ಮಾತು ಕ್ರಮೇಣ ಕಡಿಮೆಯಾಗಿ, ಮನೆ ನಡೆಯಲು ಬೇಕಾದಷ್ಟೇ ಉಳಿಯಿತು. ಊಟಕ್ಕ ಬರ್ರಿ, ಉಪ್ಪು ಸಾಕಾ, ಬಾಗಿಲು ಹಾಕಿ. ‘ಐತೆ’ ಹೋಗಿ ‘ಐತಿ’ ಬಂತು, ತವರಿನ ಕಥೆಗಳು ನಿಂತವು. ನಾನೂ ಅವಳ ಪಕ್ಕದಲ್ಲೇ ಬೆಳೆದು ಹಾಗೇ ಆದೆ. ಜನ ನನ್ನನ್ನು ಗಂಭೀರ ಸ್ವಭಾವದವಳು ಅನ್ನುತ್ತಾರೆ. ಯಾರ ಬಗ್ಗೆಯಾದರೂ ಒಂದು ಮಾತು ಬಾಯಿಗೆ ಬಂದರೆ, ಅದು ಎಲ್ಲಿಯವರೆಗೆ ನಡೆದುಹೋದೀತು ಎಂದು ಯೋಚಿಸುವಷ್ಟರಲ್ಲಿ ಆಡುವ ಹೊತ್ತು ಕಳೆದಿರುತ್ತದೆ. ಇದನ್ನು ಗುಣ ಎಂದುಕೊಂಡಿದ್ದೆ. ಈಗೀಗ ಅಷ್ಟು ಖಾತ್ರಿಯಿಲ್ಲ.

ಗಿರಿಜತ್ತಿಯ ಬಾಳು ಹೊರಗಿನವರ ಕಣ್ಣಿಗೆ ಚೆನ್ನಾಗಿಯೇ ನಡೆಯಿತು. ಗಂಡ ಕೊನೆಯವರೆಗೂ ಮೃದುವಾಗಿಯೇ ಇದ್ದ. ಆದರೆ ಹುಟ್ಟಿದ ಪ್ರತಿ ಮಗುವನ್ನೂ ಆ ಮನೆಯ ಹಿರಿಯರು ಬೆಳಕಿಗೆ ತಿರುಗಿಸಿ ನೋಡಿದರಂತೆ. ಮೊಮ್ಮಕ್ಕಳನ್ನೂ. ತವರಿಗೆ ಬಂದಾಗ ಗಿರಿಜತ್ತಿ ಅವ್ವನ ಕೈಯಿಂದ ತಟ್ಟೆ ತೆಗೆದುಕೊಳ್ಳುತ್ತಿರಲಿಲ್ಲ, ತಾನೇ ಬಡಿಸಿಕೊಳ್ಳುತ್ತಿದ್ದಳು. ಅಜ್ಜಿ ಸತ್ತಾಗ ತಲೆಯ ಬಳಿ ಕುಳಿತು, “ನನ್ನ ಸಲುವಾಗಿ ಓಣಿಯಾಗ ನಿಂತು ಬಡದಾಡಿದಕಿ,” ಎಂದು ಹೇಳಿ ಹೇಳಿ ಅತ್ತಳು. ಅವ್ವ ಬಾಗಿಲಲ್ಲಿ ನಿಂತು ಕೇಳಿದಳು. ವರ್ಷಗಳ ಮೇಲೆ ಅವ್ವ ಹೋದಾಗ ಗಿರಿಜತ್ತಿ ಮಣ್ಣಿಗೆ ಬಂದು, ಅಂದೇ ಸಂಜೆಯ ಬಸ್ಸಿಗೆ ವಾಪಸು ಹೋದಳು. ಹಾಜ್ರಮ್ಮನೂ ಈಗಿಲ್ಲ. ಆ ಜಾಗದಲ್ಲಿ ಅವಳ ಮೊಮ್ಮಗ ಬೈಕ್ ರಿಪೇರಿ ಅಂಗಡಿ ಇಟ್ಟಿದ್ದಾನೆ.

ಕಳೆದ ಚಳಿಗಾಲದಲ್ಲಿ ನಾನು ಹಿರೇಹಡಗಲಿಗೆ ಹೋಗಿದ್ದೆ. ಗಿರಿಜತ್ತಿಗೆ ಈಗ ಕಣ್ಣು ಮಂಜು, ಕಿವಿ ಚುರುಕು. ಅವಳ ಮೊಮ್ಮಗಳಿಗೆ ಸಂಬಂಧ ನೋಡುತ್ತಿದ್ದರು. ಆ ಹುಡುಗಿಯ ಬಗ್ಗೆ ಯಾರೋ ಮೊಬೈಲಿನಲ್ಲಿ ಏನೋ ಬರೆದು ನಾಲ್ಕು ಊರಿಗೆ ಕಳಿಸಿದ್ದಾರೆಂದು ಮನೆಯೆಲ್ಲ ಮಂಕಾಗಿತ್ತು. ಬರೆದವರ ಹೆಸರಿಲ್ಲ. ಸೊಸೆಯಂದಿರು ಒಳಗೆ ಹೋದ ಮೇಲೆ ಗಿರಿಜತ್ತಿ ನನ್ನ ಕೈ ಹುಡುಕಿ ಹಿಡಿದುಕೊಂಡಳು.

“ನಿಮ್ಮವ್ವ ಯಾಕ ಹಂಗ ಮಾಡಿದ್ಲು ಸುಮಿ? ನಾನೇನು ಅನ್ಯಾಯ ಮಾಡಿದ್ದೆ ಅಕಿಗೆ? ಇಷ್ಟು ವರ್ಷ ಆತು, ಇನ್ನೂ ತಿಳೀವಲ್ದು.”

ಸುಮ್ಮನಿರುವುದು ನನಗೆ ಅಭ್ಯಾಸವಾಗಿಹೋಗಿತ್ತು. ಆದರೆ ಆ ದಿನ ಸುಮ್ಮನಿದ್ದರೆ ಹೂಂ ಅಂದ ಹಾಗಾಗುತ್ತಿತ್ತು. ತಂಬ್ರಹಳ್ಳಿಯಿಂದ ಶುರುಮಾಡಿ ಎಲ್ಲವನ್ನೂ ಹೇಳಿದೆ. ಅಡಿಗೆಮನೆಯಲ್ಲಿ ಕೇಳಿದ್ದು, ದೇವರ ಕೋಣೆಯ ಬಾಗಿಲಲ್ಲಿ ಕಂಡದ್ದು, ಹಾಜ್ರಮ್ಮ ಅಂದದ್ದು. ಮುಗಿದ ಮೇಲೂ ಗಿರಿಜತ್ತಿ ಕೈ ಬಿಡಲಿಲ್ಲ.

“ನಿಮ್ಮವ್ವ ನಂಗ ಯಾಕ ಹೇಳ್ಲಿಲ್ಲ?”

“ಹೇಳಿದ್ರ ನಿಮ್ಮವ್ವನ ಮಾನ ಹೋಗ್ತಿತ್ತು ಅತ್ತಿ.”

ಅವಳು ಮಂಜುಗಣ್ಣನ್ನು ನನ್ನ ದನಿ ಬಂದ ಕಡೆಗೆ ತಿರುಗಿಸಿದಳು. ಕೇಳಿದ್ದು ಮೆಲ್ಲಗೆ.

“ಮತ್ತ ನಿಮ್ಮವ್ವಂದು?”

ಅಷ್ಟರಲ್ಲಿ ಒಳಗಿಂದ ಸೊಸೆ ಬಂದು ಚಹಾದ ಲೋಟ ಚಾಚಿದಳು. ಗಿರಿಜತ್ತಿ ತೆಗೆದುಕೊಳ್ಳಲಿಲ್ಲ. ಸೆರಗಿನಿಂದ ಮುಖ ಮುಚ್ಚಿಕೊಂಡು, ನನ್ನ ಅವ್ವನ ಹೆಸರು ಹಿಡಿದು, ಅವಳು ಸತ್ತ ದಿನ ಅಳದಿದ್ದುದನ್ನೆಲ್ಲ ಅತ್ತಳು.